ವ್ಯಾಟ್ ಸಾಲದು ಅನ್ನುವ ಮೊದಲು

ಪ್ರೀತಿಯ ತಂಗಿಗೆ,

ಹವ್ಯಾಸಿ ರೇಡಿಯೋ (ಹ್ಯಾಮ್) ಪರೀಕ್ಷೆ ಪಾಸಾಗಿ ಕಾಲ್‌ಸೈನ್ ಬಂದದ್ದು ಕೇಳಿ ತುಂಬಾ ಖುಷಿಯಾಯಿತು. ಕೈಯಲ್ಲಿರುವ 5 ವ್ಯಾಟಿನ ಹ್ಯಾಂಡಿಯಲ್ಲಿ ದೂರದ ಹ್ಯಾಮ್‌ಗಳು ಸಿಗುತ್ತಿಲ್ಲವೆಂದು 50 ವ್ಯಾಟಿನ ಸೆಟ್ಟಿಗೆ ದುಡ್ಡು ಕೂಡಿಡುತ್ತಿದ್ದೀಯಂತೆ. ಬೇಡ ಅನ್ನುವುದಿಲ್ಲ. ಆದರೆ ಮೊದಲ ದುಡ್ಡು ಆಂಟೆನಾಕ್ಕೆ, ಅದರ ಕೇಬಲ್ಲಿಗೆ ಹೋಗಲಿ. ಹಟ ಹಿಡಿದೇ ಹೇಳುತ್ತಿದ್ದೇನೆ.

ಶಕ್ತಿಯನ್ನು ಹತ್ತು ಪಟ್ಟು ಮಾಡಿದರೆ ಸಿಗುವುದು 10 ಡೆಸಿಬಲ್. ಕೇಳುವವರ ಸೆಟ್ಟಿನಲ್ಲಿ ಸಿಗ್ನಲ್ ಬಲ ತೋರಿಸುವ ಎಸ್-ಮೀಟರಿನ ಮುಳ್ಳು ಒಂದು ಅಂಕಿ ಮೇಲೇರಲು 6 ಡೆಸಿಬಲ್, ಅಂದರೆ ನಾಲ್ಕು ಪಟ್ಟು ಶಕ್ತಿ ಬೇಕು. ಹಾಗಾಗಿ ನಿನ್ನ 50 ವ್ಯಾಟ್ ಎರಡು ಅಂಕಿಯನ್ನೂ ಪೂರ್ತಿ ದಾಟಿಸುವುದಿಲ್ಲ. 5ನ್ನು 10 ಮಾಡಿದರಂತೂ ಆಚೆ ಬದಿಯವರಿಗೆ ಗೊತ್ತಾಗುವುದೇ ಕಷ್ಟ.

ಆಂಟೆನಾ ಹೊಸ ಶಕ್ತಿ ಹುಟ್ಟಿಸುವುದಿಲ್ಲ. ತೋಟಕ್ಕೆ ಬಿಟ್ಟ ನೀರನ್ನು ಎಲ್ಲ ಪಾತಿಗೂ ಹಾಯಿಸದೆ ಒಂದಕ್ಕೇ ತಿರುಗಿಸಿದ ಹಾಗೆ, ಇರುವುದನ್ನೇ ಒಂದು ದಿಕ್ಕಿಗೆ ಒಟ್ಟುಗೂಡಿಸುತ್ತದೆ. ಅದೇ ಗೇನ್. ಜಪಾನಿನ ಯಾಗಿ ಮತ್ತು ಉಡಾ 1926ರಲ್ಲಿ ಪ್ರಕಟಿಸಿದ ಆಂಟೆನಾ ಇವತ್ತಿಗೂ ನಮ್ಮ ತಾರಸಿಗಳ ಮೇಲಿದೆ. ಸಾದಾ ಡೈಪೋಲ್ ಆಂಟೆನಾಕ್ಕಿಂತ 10 ಡೆಸಿಬಲ್ ಹೆಚ್ಚು ಗೇನ್ ಇರುವ ಯಾಗಿ ಕಟ್ಟಿದರೆ, ಅದು ಮುಖ ಮಾಡಿದ ಕಡೆಗೆ ನಿನ್ನ 5 ವ್ಯಾಟೇ ಡೈಪೋಲಿಗೆ ಕೊಟ್ಟ 50 ವ್ಯಾಟಿನ ಕೆಲಸ ಮಾಡುತ್ತದೆ. ಮಿಕ್ಕ ದಿಕ್ಕುಗಳಲ್ಲಿ ಕಡಿಮೆಯಾಗುತ್ತದೆ, ನಿಜ. ಆದರೆ ಅದೇ ಯಾಗಿ ಬರುವ ಸಿಗ್ನಲ್ಲನ್ನೂ ಅಷ್ಟೇ ಎತ್ತಿಕೊಡುತ್ತದೆ. ದೊಡ್ಡ ಸೆಟ್ ಕೊಂಡರೆ ನಿನ್ನ ಮಾತು ಆಚೆ ಮುಟ್ಟೀತು, ಅವರ ಉತ್ತರ ನಿನಗೆ ಕೇಳಿಸಬೇಕಲ್ಲ! ಅಂಗಡಿಯವರು ಗೇನ್ ಹೇಳಿದಾಗ ಡಿಬಿಐ ಲೆಕ್ಕವೋ ಡಿಬಿಡಿ ಲೆಕ್ಕವೋ ಕೇಳು. ಡಿಬಿಡಿ ಡೈಪೋಲಿಗೆ ಹೋಲಿಸಿದ ಲೆಕ್ಕ; ಡಿಬಿಐ ಎಂದರೆ ಅಂಕಿ 2.15 ದೊಡ್ಡದಾಗಿ ಕಾಣುತ್ತದೆ.

ಗೇನಿನಷ್ಟೇ ಮುಖ್ಯ ಎತ್ತರ. ಇಸ್ರೋ 2005ರ ಮೇ 5ರಂದು ಹ್ಯಾಮ್‌ಗಳಿಗಾಗಿಯೇ ಹ್ಯಾಮ್‌ಸ್ಯಾಟ್ ಉಪಗ್ರಹ ಹಾರಿಸಿತು. ಅದರ ಟ್ರಾನ್ಸ್‌ಮಿಟರ್ ಸುಮಾರು 1 ವ್ಯಾಟಿನದು. ಆರುನೂರಕ್ಕೂ ಹೆಚ್ಚು ಕಿಲೋಮೀಟರ್ ಮೇಲಿಂದ ಬರುತ್ತಿದ್ದ ಆ ಸಿಗ್ನಲ್, ಕೈಯಲ್ಲಿ ಹಿಡಿದ ಯಾಗಿಗೆ ಸಿಗುತ್ತಿತ್ತು. ನಡುವೆ ಅಡ್ಡವೇನೂ ಇರಲಿಲ್ಲವಲ್ಲ! ನೆಲದ ಮೇಲೆ ಹಾಗಲ್ಲ. 145 ಮೆಗಾಹರ್ಟ್ಸ್‌ನಲ್ಲಿ, ಬಯಲಿನಲ್ಲೂ, 10 ಮೀಟರ್ ಎತ್ತರದ ಆಂಟೆನಾಕ್ಕೆ ರೇಡಿಯೋ ದಿಗಂತ ಸುಮಾರು 13 ಕಿಲೋಮೀಟರ್, 40 ಮೀಟರಿಗೇರಿಸಿದರೆ 26. ಆಚೆಯವರ ಎತ್ತರದ ಪಾಲು ಇದಕ್ಕೆ ಸೇರುತ್ತದೆ. ನಡುವೆ ಗುಡ್ಡವಿದ್ದರೆ ವ್ಯಾಟ್ ಸುರಿಯುವುದಕ್ಕಿಂತ ತಾರಸಿ ಹತ್ತುವುದು ಮೇಲು.

ಇನ್ನು ಕೇಬಲ್. ಇಲ್ಲಿ ಆಗುವಷ್ಟು ಸೋರಿಕೆ ಬೇರೆಲ್ಲೂ ಆಗುವುದಿಲ್ಲ. ಅಗ್ಗಕ್ಕೆ ಸಿಗುವ ತೆಳ್ಳನೆಯ ಆರ್‌ಜಿ-58 ಕೇಬಲ್ 30 ಮೀಟರ್ ಎಳೆದರೆ 145 ಮೆಗಾಹರ್ಟ್ಸ್‌ನಲ್ಲಿ ಸುಮಾರು 6 ಡೆಸಿಬಲ್ ಅಲ್ಲೇ ಕರಗುತ್ತದೆ. ನೀನು ಆಸೆಪಟ್ಟ 50 ವ್ಯಾಟಿನಲ್ಲಿ ಆಂಟೆನಾ ಮುಟ್ಟುವುದು ಹನ್ನೆರಡೋ ಹದಿಮೂರೋ. ಉಳಿದದ್ದು ಕೇಬಲ್ಲಿನ ಬಿಸಿ. ಕೇಳುವಾಗಲೂ ಅದೇ ನಷ್ಟ. ಆಂಟೆನಾದಿಂದ ಎಷ್ಟು ಶಕ್ತಿ ಮರಳಿ ಬರುತ್ತಿದೆಯೆಂದು ಹೇಳುವ ಎಸ್‌ಡಬ್ಲ್ಯೂಆರ್ ಮೀಟರ್ ಚೆನ್ನಾಗಿ ತೋರಿಸುತ್ತಿದೆಯೆಂದು ನಿಶ್ಚಿಂತೆಯಾಗಿರಬೇಡ. ಹಾಳಾದ ಕೇಬಲ್ ಮರಳಿ ಬರುವ ಶಕ್ತಿಯನ್ನೂ ನುಂಗುವುದರಿಂದ ಕೆಳಗಿನ ಮೀಟರಿಗೆ ಎಲ್ಲ ಸೊಗಸಾಗಿಯೇ ಕಾಣುತ್ತದೆ. ಹಳೆಯ ಕೇಬಲ್ ಕೊಡುತ್ತೇನೆಂದು ಯಾರಾದರೂ ಅಂದರೆ ತುದಿಯಲ್ಲಿ ಎರಡು ಬೆರಳಗಲ ಸಿಪ್ಪೆ ಬಿಡಿಸಿ ನೋಡು. ಒಳಗಿನ ತಾಮ್ರದ ಹೆಣಿಗೆ ಹೊಳೆಯದೆ ಕಪ್ಪಗಾಗಿದ್ದರೆ ನೀರು ಹೊಕ್ಕಿದೆ ಎಂದೇ ಅರ್ಥ. ಬಿಟ್ಟಿ ಸಿಕ್ಕರೂ ತರಬೇಡ. ಮಳೆಗಾಲಕ್ಕೆ ಮುಂಚೆ ಮೇಲಿನ ಕನೆಕ್ಟರಿಗೆ ರಬ್ಬರ್ ಟೇಪನ್ನು ಎಳೆದು ಬಿಗಿಯಾಗಿ ಸುತ್ತು, ಕೇಬಲ್ ಮನೆಯೊಳಗೆ ಬರುವ ಮೊದಲು ನೀರು ತೊಟ್ಟಿಕ್ಕಿ ಹೋಗುವಂತೆ ಕೆಳಮುಖವಾಗಿ ಒಂದು ಬಾಗು ಕೊಡು.

ಯಾಗಿಯಾದ ಮೇಲೆ ಸೆಟ್ಟನ್ನು ಕಡಿಮೆ ಶಕ್ತಿಗಿಳಿಸಿ ಮಾತಾಡಿ ನೋಡು. ಸಂಪರ್ಕಕ್ಕೆ ಬೇಕಾದಷ್ಟೇ ಶಕ್ತಿ ಬಳಸುವುದು ನಮ್ಮಲ್ಲಿ ಹಳೆಯ ಶಿಸ್ತು. ಕಂಬ ನಿಲ್ಲಿಸುವ ದಿನ ಮಾತ್ರ ಒಬ್ಬಳೇ ಹತ್ತಬೇಡ. ಕಂಬ ಯಾವ ದಿಕ್ಕಿಗೆ ಬಿದ್ದರೂ ಕರೆಂಟ್ ತಂತಿಗೆ ತಾಗದಷ್ಟು ಜಾಗ ಇದೆಯೇ ಎಂದು ಅಳೆದು ನೋಡು. ಇಲ್ಲವಾದರೆ ಬೇರೆ ಮೂಲೆ ಹುಡುಕು.

ಇಂತಿ,
ನಿನ್ನ ಹಿರಿಯ ಹ್ಯಾಮ್