ಮುಕ್ತ ತಂತ್ರಜ್ಞಾನದ ಮಿತವ್ಯಯದ ಸ್ಮಾರ್ಟ್ ಮನೆ: ನೀರಿನ ತೊಟ್ಟಿಯಿಂದ ಆರಂಭ

ಗ್ರಾಮ ಪಂಚಾಯತಿ ಸದಸ್ಯರಿಗಾಗಿ ಅಧ್ಯಯನ ಲೇಖನ

ನಿಮಿಷಕ್ಕೆ 20 ಲೀಟರ್ ನೀರೆತ್ತುವ ಸಣ್ಣ ಪಂಪು ತೊಟ್ಟಿ ತುಂಬಿದ ಮೇಲೂ ಅರ್ಧ ಗಂಟೆ ಓಡಿದರೆ 600 ಲೀಟರ್ ನೀರು ಚರಂಡಿ ಸೇರುತ್ತದೆ. ಜಲ ಜೀವನ್ ಮಿಷನ್ ನಿಗದಿಪಡಿಸಿರುವ ತಲಾ 55 ಲೀಟರ್ ಲೆಕ್ಕದಲ್ಲಿ ಇದು ಸುಮಾರು ಹನ್ನೊಂದು ಜನರ ಒಂದು ದಿನದ ನೀರು. ‘ಸ್ಮಾರ್ಟ್ ಮನೆ’ ಎಂದೊಡನೆ ಮಾತಿಗೆ ಓಗೊಡುವ ದೀಪಗಳು ನೆನಪಾಗುವುದು ಸಹಜ. ನಮ್ಮ ಊರುಗಳಲ್ಲಿ ಅದರ ಮೊದಲ ಕೆಲಸ ಮೋಟಾರನ್ನು ಸಕಾಲದಲ್ಲಿ ನಿಲ್ಲಿಸುವುದು.

ಮುಕ್ತ ಯಂತ್ರಾಂಶವೆಂದರೆ ವಿನ್ಯಾಸದ ನಕ್ಷೆ ಎಲ್ಲರಿಗೂ ಲಭ್ಯವಿರುವ ಸಾಧನ. ಮುಕ್ತ ತಂತ್ರಾಂಶವೆಂದರೆ ಓದಲು, ತಿದ್ದಲು, ಹಂಚಲು ಅನುಮತಿಯುಳ್ಳ ತಂತ್ರಾಂಶ. 2005ರಲ್ಲಿ ಇಟಲಿಯ ಇವ್ರಿಯಾದಲ್ಲಿ ವಿದ್ಯಾರ್ಥಿಗಳಿಗಾಗಿ ರೂಪುಗೊಂಡ ಆರ್ಡುಯಿನೊ ಫಲಕವು ಈ ದಾರಿಯನ್ನು ಸಾಮಾನ್ಯರಿಗೂ ತೆರೆಯಿತು. ಇಂದು ವೈಫೈ ಸೌಲಭ್ಯವುಳ್ಳ ಇಎಸ್‌ಪಿ8266 ಫಲಕ ಕೆಲವು ನೂರು ರೂಪಾಯಿಗೆ ದೊರೆಯುತ್ತದೆ. ಅದರ ಚಿಪ್ ಪೂರ್ಣ ಮುಕ್ತವಲ್ಲವೆಂಬುದನ್ನು ಇಲ್ಲಿ ಹೇಳಲೇಬೇಕು. ಆದರೆ ಅದರಲ್ಲಿ ನಡೆಯುವ ಟಾಸ್ಮೋಟಾ, ಇಎಸ್‌ಪಿಹೋಮ್ ತಂತ್ರಾಂಶಗಳು ಮುಕ್ತ. ಇವೆಲ್ಲವನ್ನೂ ಒಂದೇ ಪರದೆಯಲ್ಲಿ ತೋರಿಸುವ, 2013ರಲ್ಲಿ ಆರಂಭವಾದ ಹೋಮ್ ಅಸಿಸ್ಟೆಂಟ್ ಹಳೆಯ ಕಂಪ್ಯೂಟರಿನಲ್ಲಿಯೂ ನಡೆಯುತ್ತದೆ. ಇಂಟರ್ನೆಟ್ ಕಡಿತಗೊಂಡರೂ ಮನೆಯ ಕೆಲಸ ನಿಲ್ಲುವುದಿಲ್ಲ. ಕಂಪನಿಯ ದೂರದ ಸರ್ವರನ್ನೇ ನಂಬಿರುವ ಸಾಧನವಾದರೋ ಆ ಸರ್ವರ್ ಮುಚ್ಚಿದ ದಿನ ನಿರುಪಯುಕ್ತವಾಗುತ್ತದೆ.

ಸೂಡಿಯ ನಾಗಕುಂಡದಲ್ಲಿ ನೀರೆಷ್ಟಿದೆಯೆಂದು ತಿಳಿಯಲು ಕಾಣುವ ಮೆಟ್ಟಿಲುಗಳನ್ನು ಎಣಿಸಿದರಾಯಿತು. ಮುಚ್ಚಳವಿರುವ ಮೇಲ್ತೊಟ್ಟಿಗೆ ಸಂವೇದಕ ಬೇಕು. ಅದು ನೀರಿನತ್ತ ಶಬ್ದ ತರಂಗ ಕಳುಹಿಸಿ ಪ್ರತಿಧ್ವನಿ ಮರಳುವ ಸಮಯವನ್ನು ಅಳೆಯುತ್ತದೆ. ನೀರು ಒಂದು ಮೀಟರ್ ಕೆಳಗಿದ್ದರೆ ಸುಮಾರು 6 ಮಿಲಿಸೆಕೆಂಡ್. ತೇವ ತಡೆಯುವ ಮಾದರಿಯನ್ನೇ ಆರಿಸಬೇಕು. ಅಂಥವು ತೀರ ಹತ್ತಿರದ ನೀರನ್ನು, ಸುಮಾರು 20-25 ಸೆಂ.ಮೀ. ಒಳಗಿನದನ್ನು, ಅಳೆಯಲಾರವು. ಆದ್ದರಿಂದ ‘ತುಂಬಿದೆ’ ಎಂಬ ಮಟ್ಟವನ್ನು ಅದಕ್ಕಿಂತ ಕೆಳಗೆ ನಿಗದಿಪಡಿಸಬೇಕು.

ಇಲ್ಲಿಯ ನನ್ನ ಬಾಡಿಗೆ ಮನೆಯಲ್ಲಿ ಮೊದಲ ಬಾರಿ ಜೋಡಿಸಿದಾಗ ನಾನು ಮಾಡಿದ ತಪ್ಪನ್ನು ತಿಳಿಸುವುದು ಉಚಿತ. 10 ಆಂಪಿಯರ್ ಎಂದು ಬರೆದಿದ್ದ ಸಣ್ಣ ರಿಲೇಗೆ ಒಂದು ಅಶ್ವಶಕ್ತಿಯ ಮೋಟಾರನ್ನು ನೇರವಾಗಿ ಜೋಡಿಸಿದೆ. ಓಡುವಾಗ ಮೋಟಾರು ಎಳೆಯುವುದು ಐದಾರು ಆಂಪಿಯರ್ ಮಾತ್ರ ಎಂಬುದು ನನ್ನ ಲೆಕ್ಕ. ಆದರೆ ಆರಂಭದ ಕ್ಷಣದಲ್ಲಿ ಅದು ಹಲವು ಪಟ್ಟು ಹೆಚ್ಚು. ಕೆಲವೇ ವಾರಗಳಲ್ಲಿ ರಿಲೇಯ ಬಿಂದುಗಳು ಕರಗಿ ಬೆಸೆದುಕೊಂಡವು. ಮೊಬೈಲ್ ಪರದೆ ‘ಮೋಟಾರು ನಿಂತಿದೆ’ ಎಂದು ತೋರಿಸುತ್ತಿದ್ದಾಗ ಮಾಳಿಗೆಯಿಂದ ನೀರು ಸುರಿಯುತ್ತಿತ್ತು. ನೆರೆಮನೆಯ ಅಜ್ಜಿ ಬಾಗಿಲು ಬಡಿದು ಎಬ್ಬಿಸಿದರು. ಎಂಜಿನಿಯರಿಂಗ್ ಪದವಿ ಅಂದು ನೆರವಿಗೆ ಬರಲಿಲ್ಲ. ರಿಲೇ ಕೇವಲ ಕಾಂಟ್ಯಾಕ್ಟರಿನ ಸುರುಳಿಯನ್ನು ಚಾಲೂ ಮಾಡಬೇಕು, ಮೋಟಾರಿನ ಭಾರವನ್ನು ಕಾಂಟ್ಯಾಕ್ಟರೇ ಹೊರಬೇಕು. ಈ ಜೋಡಣೆಯನ್ನೂ ಅರ್ಥಿಂಗನ್ನೂ ಪರವಾನಗಿ ಹೊಂದಿದ ವಿದ್ಯುತ್ ಕೆಲಸಗಾರರಿಂದಲೇ ಮಾಡಿಸತಕ್ಕದ್ದು. ನೀರು ಮತ್ತು 230 ವೋಲ್ಟ್ ಒಂದೆಡೆ ಇರುವಲ್ಲಿ ಪ್ರಯೋಗ ಸಲ್ಲದು.

ತೊಟ್ಟಿ ತುಂಬಿದಾಗ ಮೋಟಾರು ನಿಲ್ಲುವುದಷ್ಟೇ ಬೇಕಿದ್ದಲ್ಲಿ ಅಗ್ಗದ ಫ್ಲೋಟ್ ಸ್ವಿಚ್ ಸಾಕು. ಫಲಕ, ವೈಫೈ ಯಾವುದೂ ಬೇಡ. ನೆಲತೊಟ್ಟಿ ಬರಿದಾದಾಗ ಮೋಟಾರು ಒಣದಾಗಿ ಓಡದಂತೆ ತಡೆಯುವುದು, ದಿನದ ಬಳಕೆ ದಾಖಲಿಸುವುದು ಬೇಕಾದಾಗ ಮಾತ್ರ ಮುಂದಿನ ಹೆಜ್ಜೆ.

ಪಂಚಾಯತಿ ಕಟ್ಟಡಕ್ಕೋ ಅಂಗನವಾಡಿಗೋ ಇಂಥ ವ್ಯವಸ್ಥೆಯ ಪ್ರಸ್ತಾವ ಸಭೆಗೆ ಬಂದಾಗ ಸದಸ್ಯರು ಬೆಲೆಗಿಂತ ಮೊದಲು ಕೇಳಬೇಕಾದುದು: ಇಂಟರ್ನೆಟ್ ಇಲ್ಲದೆ ಇದು ನಡೆಯುತ್ತದೆಯೇ? ಕೈಯಿಂದ ನಿಲ್ಲಿಸುವ ಸ್ವಿಚ್ ಉಳಿದಿದೆಯೇ? ಕಾರ್ಖಾನೆಯ ಪಾಸ್‌ವರ್ಡ್ ಬದಲಾಗಿದೆಯೇ? ತಂತಿ ಜೋಡಣೆಯ ನಕ್ಷೆಯನ್ನು ಕನ್ನಡದಲ್ಲಿ ಬರೆಸಿ ಪೆಟ್ಟಿಗೆಯ ಮುಚ್ಚಳದ ಒಳಬದಿಗೆ ಅಂಟಿಸಬೇಕು. ತಂತ್ರಾಂಶದ ಒಂದು ಪ್ರತಿ ಅರಿವು ಕೇಂದ್ರದ ಕಂಪ್ಯೂಟರಿನಲ್ಲಿರಲಿ. ಜೋಡಿಸಿದವರು ವರ್ಗವಾಗಿ ಹೋದ ಮೇಲೆ ರಿಪೇರಿಗೆ ಬರುವವರು ಊರಿನ ಐಟಿಐ ಓದಿದ ಹುಡುಗ ಹುಡುಗಿಯರೇ.