ಗಾಳಿ ಎದುರಿನಿಂದ ಬಂದರೆ ಹಾಯಿದೋಣಿ ಏನು ಮಾಡುತ್ತದೆ?



ಈ ಸಲದ ಪಾಠ ಹುಟ್ಟಿದ್ದು ನಾನು ತರಗತಿಯಲ್ಲಿ ಕೊಟ್ಟ ಒಂದು ತಪ್ಪು ಉತ್ತರದಿಂದ. ಅದನ್ನು ಮೊದಲೇ ಹೇಳಿಬಿಡ್ತೇನೆ.

2025ರ ಜೂನ್ ತಿಂಗಳು. ಶಾಲೆ ಶುರುವಾಗಿ ಮೂರ್ನಾಲ್ಕು ದಿನ ಆಗಿತ್ತಷ್ಟೆ. ಭಾರತೀಯ ನೌಕಾಪಡೆಯ ಇಬ್ಬರು ಮಹಿಳಾ ಅಧಿಕಾರಿಗಳು ಹಾಯಿದೋಣಿಯಲ್ಲಿ ಭೂಮಿಗೆ ಒಂದು ಸುತ್ತು ಹಾಕಿ ಮೇ 29ರಂದು ಗೋವಾಕ್ಕೆ ಮರಳಿದ್ದರು. ಒಬ್ಬರು ನಮ್ಮ ಪಕ್ಕದ ಕೋಝಿಕ್ಕೋಡಿನ ಲೆಫ್ಟಿನೆಂಟ್ ಕಮಾಂಡರ್ ದಿಲ್ನಾ ಕೆ., ಇನ್ನೊಬ್ಬರು ಪುದುಚೇರಿಯ ಲೆಫ್ಟಿನೆಂಟ್ ಕಮಾಂಡರ್ ರೂಪಾ ಎ. ಒಂಬತ್ತನೇ ತರಗತಿಯಲ್ಲಿ ಆ ಸುದ್ದಿ ಹೇಳಿ, "ಇಡೀ ದಾರಿ ಗಾಳಿಯ ಬಲದಿಂದಲೇ ಹೋದರು" ಅಂದೆ. ಹಿಂದಿನ ಬೆಂಚಿನಿಂದ ಒಬ್ಬಳು ಎದ್ದು ಕೇಳಿದಳು: "ಟೀಚರ್, ಗಾಳಿ ಎದುರಿನಿಂದ ಬಂದ್ರೆ?"

"ಗಾಳಿಯ ದಿಕ್ಕು ಬದಲಾಗುವವರೆಗೆ ಕಾಯ್ತಾರೆ" ಅಂದುಬಿಟ್ಟೆ.

ಮರುದಿನ ಅವಳು ಹಾಜರಿ ಮುಗಿಯುವ ಮೊದಲೇ ಎದ್ದು ನಿಂತಳು. "ಟೀಚರ್, ನೀವು ಹೇಳಿದ್ದು ಸರಿಯಲ್ಲ ಅಂತ ನಮ್ಮ ಅಜ್ಜ ಹೇಳಿದ್ರು."

ಅವಳ ಅಜ್ಜ ಮೀನುಗಾರರು. ದೋಣಿಗೆ ಇಂಜಿನ್ ಬರುವ ಮೊದಲು ಹಾಯಿ ಕಟ್ಟಿ ಕಡಲಿಗೆ ಇಳಿದವರು. ಅವರು ತುಳುವಿನಲ್ಲಿ ಹೇಳಿದ್ದನ್ನು ಅವಳು ಕನ್ನಡದಲ್ಲಿ ಹೇಳಿದಳು: "ಕಾಯ್ತಾ ಕೂತ್ರೆ ಹಿಡಿದ ಮೀನು ಹಾಳಾಗ್ತದೆ. ಗಾಳಿಗೆ ನೇರ ಎದುರು ಹೋಗ್ಲಿಕ್ಕೆ ಆಗುವುದಿಲ್ಲ, ಓರೆಯಾಗಿ ಹೋಗ್ಬೇಕು. ದೋಣಿ ಬದಿಗೆ ಜಾರದ ಹಾಗೆ ಹುಟ್ಟನ್ನು ನೀರಿಗೆ ಇಳಿಸಿ ಗಟ್ಟಿ ಹಿಡ್ಕೊಳ್ಬೇಕು."

ಓರೆಯಾಗಿ ಹೋಗಬೇಕು, ಬದಿಗೆ ಜಾರಬಾರದು. ಅಜ್ಜನ ಈ ಎರಡು ಮಾತನ್ನು ನಾವು ಬಲ ಮತ್ತು ಚಲನೆಯ ಪಾಠದಿಂದ ಅರ್ಥ ಮಾಡಿಕೊಳ್ಳೋಣ. ಸೊಲ್ಲಾಪುರ, ಆದೋನಿ, ತಾಳವಾಡಿ ಕಡೆಯ ಮಕ್ಕಳೇ, ನೀವು ಕಡಲು ನೋಡಿರದಿದ್ದರೂ ಚಿಂತೆ ಇಲ್ಲ. ಒಂದು ಬಾನಿ ನೀರು ಇದ್ದರೆ ಸಾಕು.

ತಾರಿಣಿ ಎಂಬ ದೋಣಿ

ಆ ಇಬ್ಬರು ಹೋದ ದೋಣಿಯ ಹೆಸರು ಐಎನ್‌ಎಸ್‌ವಿ ತಾರಿಣಿ. ಕಟ್ಟಿದ್ದು ಗೋವಾದ ದಿವಾರ್ ದ್ವೀಪದಲ್ಲಿ. 2017ರ ಫೆಬ್ರವರಿಯಲ್ಲಿ ನೌಕಾಪಡೆಗೆ ಸೇರಿತು. ಉದ್ದ 56 ಅಡಿ, ಅಂದರೆ ಸುಮಾರು 17 ಮೀಟರ್. ನಿಮ್ಮ ಎರಡು ತರಗತಿ ಕೋಣೆಗಳನ್ನು ಸಾಲಾಗಿ ಇಟ್ಟರೆ ಹೆಚ್ಚುಕಡಿಮೆ ಅಷ್ಟಾಗುತ್ತದೆ. ಅದೇ ವರ್ಷ ಸೆಪ್ಟೆಂಬರ್ 10ರಂದು ಲೆಫ್ಟಿನೆಂಟ್ ಕಮಾಂಡರ್ ವರ್ತಿಕಾ ಜೋಶಿಯವರ ನಾಯಕತ್ವದಲ್ಲಿ ಆರು ಮಹಿಳಾ ಅಧಿಕಾರಿಗಳು ಇದೇ ದೋಣಿಯಲ್ಲಿ ಗೋವಾದಿಂದ ಹೊರಟು, ಭೂಮಿ ಸುತ್ತಿ, 2018ರ ಮೇ 21ಕ್ಕೆ ಮರಳಿದ್ದರು. ದಿಲ್ನಾ ಮತ್ತು ರೂಪಾ 2024ರ ಅಕ್ಟೋಬರ್ 2ರಂದು ಹೊರಟಾಗ ದೋಣಿಯಲ್ಲಿ ಇದ್ದವರು ಅವರಿಬ್ಬರೇ. ಒಬ್ಬರು ಮಲಗಿದರೆ ಇನ್ನೊಬ್ಬರು ಎದ್ದಿರಬೇಕು. ಆಸ್ಟ್ರೇಲಿಯಾದ ಫ್ರೀಮ್ಯಾಂಟಲ್, ನ್ಯೂಜಿಲೆಂಡಿನ ಲಿಟಲ್‌ಟನ್, ಫಾಕ್‌ಲ್ಯಾಂಡ್ ದ್ವೀಪಗಳ ಪೋರ್ಟ್ ಸ್ಟ್ಯಾನ್ಲಿ, ದಕ್ಷಿಣ ಆಫ್ರಿಕಾದ ಕೇಪ್‌ಟೌನ್, ಹೀಗೆ ನಾಲ್ಕು ಕಡೆ ನಿಂತು 25,400 ನಾಟಿಕಲ್ ಮೈಲು ದಾಟಿ ಬಂದರು.

ಈ ದಾರಿಯನ್ನು ಗ್ಲೋಬಿನ ಮೇಲೆ ಬೆರಳಿಟ್ಟು ನೋಡಿ. ದಕ್ಷಿಣ ಗೋಳಾರ್ಧದಲ್ಲಿ 40 ಡಿಗ್ರಿ ಅಕ್ಷಾಂಶದಿಂದ ಕೆಳಗೆ ಪಶ್ಚಿಮ ಮಾರುತಗಳು ಜೋರಾಗಿ ಬೀಸುತ್ತವೆ. ಪಶ್ಚಿಮದಿಂದ ಪೂರ್ವಕ್ಕೆ ಹೋಗುವ ದೋಣಿಗೆ ಅಲ್ಲಿ ಗಾಳಿ ಹೆಚ್ಚಾಗಿ ಹಿಂದಿನಿಂದ ಸಿಗುತ್ತದೆ. ಆದರೆ ಗೋವಾದಿಂದ ಫ್ರೀಮ್ಯಾಂಟಲ್ ಇರುವುದು ಆಗ್ನೇಯಕ್ಕೆ. ಸಮಭಾಜಕ ವೃತ್ತ ದಾಟಿದ ಮೇಲೆ ಹಿಂದೂ ಮಹಾಸಾಗರದಲ್ಲಿ ವಾಣಿಜ್ಯ ಮಾರುತ ಬೀಸುವುದೂ ಆಗ್ನೇಯದಿಂದಲೇ. ಅಂದರೆ ಮೊದಲ ಹಂತದಲ್ಲೇ ಗಾಳಿ ಎದುರು! ಕಾಯುತ್ತಾ ಕೂತರೆ ಆ ಗಾಳಿ ದಿಕ್ಕು ಬದಲಿಸುವುದಿಲ್ಲ. ನನ್ನ ಉತ್ತರ ಎಷ್ಟು ತಪ್ಪು ನೋಡಿ.

ಹಲಸಿನ ಬೀಜದ ಆಟ

ಹಲಸಿನ ಸೊಳೆ ತಿಂದ ಮೇಲೆ ಜಾರುವ ಬೀಜವನ್ನು ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಒತ್ತಿ ಹಾರಿಸಿದ್ದೀರಾ? ಬೀಜ ಎತ್ತ ಹಾರುತ್ತದೆ? ಹೆಬ್ಬೆರಳು ತಳ್ಳಿದ ಕಡೆಗೂ ಅಲ್ಲ, ತೋರುಬೆರಳು ತಳ್ಳಿದ ಕಡೆಗೂ ಅಲ್ಲ. ಎರಡೂ ಬೆರಳು ಬಿಟ್ಟು ಮೂರನೇ ದಿಕ್ಕಿಗೆ, ಮುಂದಕ್ಕೆ!

ಈಗ ತೋರುಬೆರಳನ್ನು ತೆಗೆದು ಹೆಬ್ಬೆರಳಿನಿಂದ ಮಾತ್ರ ತಳ್ಳಿ. ಬೀಜ ಹೆಬ್ಬೆರಳು ತಳ್ಳಿದ ಕಡೆಗೇ ಹೋಗಿ ಬೀಳುತ್ತದೆ.

ಹಾಯಿದೋಣಿಯೂ ಹಾಗೆಯೇ. ಅದನ್ನು ಒಂದು ಬದಿಯಿಂದ ಒತ್ತುವ ಬೆರಳು ಗಾಳಿ, ಇನ್ನೊಂದು ಬದಿಯಿಂದ ಒತ್ತುವ ಬೆರಳು ನೀರು.

ಗಾಳಿಯ ಬೆರಳು: ಹಾಯಿ

ಹಾಯಿಯನ್ನು ಗಾಳಿಗೆ ಅಡ್ಡವಾಗಿ ಅಲ್ಲ, ಓರೆಯಾಗಿ ಹಿಡಿಯುತ್ತಾರೆ. ಅದು ತುಸು ಉಬ್ಬಿರುತ್ತದೆ. ಅದರ ಮೈ ಸವರಿಕೊಂಡು ಹೋಗುವ ಗಾಳಿ ದಿಕ್ಕು ಬದಲಿಸಿ ಒಂದು ಕಡೆಗೆ ತಿರುಗುತ್ತದೆ. ಗಾಳಿಯನ್ನು ತಿರುಗಿಸಿದ್ದು ಹಾಯಿ. ಹಾಗಾದರೆ ನ್ಯೂಟನ್ನರ ಮೂರನೇ ನಿಯಮ ಏನು ಹೇಳುತ್ತದೆ? ಹಾಯಿ ಗಾಳಿಯನ್ನು ಒಂದು ಕಡೆಗೆ ತಳ್ಳಿದರೆ ಗಾಳಿ ಹಾಯಿಯನ್ನು ವಿರುದ್ಧ ದಿಕ್ಕಿಗೆ ತಳ್ಳುತ್ತದೆ.

ಗಾಳಿ ಓರೆಯಾಗಿ ಎದುರಿನಿಂದ ಬರುವಾಗ ಈ ಬಲದ ದೊಡ್ಡ ಪಾಲು ದೋಣಿಯನ್ನು ಬದಿಗೆ ತಳ್ಳುತ್ತದೆ, ಚಿಕ್ಕ ಪಾಲು ಮುಂದಕ್ಕೆ. ಬದಿಗೆ ತಳ್ಳುವ ಪಾಲನ್ನು ಯಾರಾದರೂ ತಡೆದರೆ ದೋಣಿಗೆ ಮುಂದೆ ಹೋಗುವುದೊಂದೇ ದಾರಿ.

ನೀರಿನ ಬೆರಳು: ಕೀಲ್

ತಡೆಯುವ ಕೆಲಸ ಮಾಡುವುದು ನಮ್ಮ ಕಣ್ಣಿಗೆ ಕಾಣದ ಭಾಗ. ತಾರಿಣಿಯಂಥ ದೋಣಿಯ ಹೊಟ್ಟೆಯ ಅಡಿಯಲ್ಲಿ ಮೀನಿನ ಈಜುರೆಕ್ಕೆಯ ಹಾಗೆ ನೀರಿನೊಳಗೆ ಇಳಿದಿರುವ ಭಾರದ ಭಾಗ ಒಂದಿದೆ. ಅದಕ್ಕೆ ಕೀಲ್ ಎನ್ನುತ್ತಾರೆ.

ಬಕೆಟ್ ನೀರಿನಲ್ಲಿ ಕೈ ಮುಳುಗಿಸಿ. ಅಂಗೈಯನ್ನು ಕತ್ತಿಯ ಹಾಗೆ ಹಿಡಿದು ಸರಿಸಿದರೆ ನೀರು ಸುಲಭವಾಗಿ ದಾರಿ ಬಿಡುತ್ತದೆ. ಅಂಗೈಯನ್ನು ಅಗಲವಾಗಿ ಹಿಡಿದು ತಳ್ಳಿದರೆ? ನೀರು ಬಿಡುವುದಿಲ್ಲ, ತಡೆಯುತ್ತದೆ. ಕೀಲ್ ಕೂಡ ಹಾಗೆಯೇ: ಮುಂದಕ್ಕೆ ಹೋಗಲು ಹಗುರ, ಬದಿಗೆ ಸರಿಯಲು ಕಷ್ಟ. ಅಜ್ಜ ನೀರಿಗೆ ಇಳಿಸಿ ಹಿಡಿಯುತ್ತಿದ್ದ ಹುಟ್ಟು ಮಾಡುತ್ತಿದ್ದದ್ದು ಇದೇ ಕೆಲಸ. ದೋಣಿ ಒಂಚೂರೂ ಬದಿಗೆ ಸರಿಯುವುದಿಲ್ಲ ಎಂದಲ್ಲ, ಸ್ವಲ್ಪ ಸರಿದೇ ಸರಿಯುತ್ತದೆ. ಅದನ್ನೂ ಲೆಕ್ಕ ಹಿಡಿದೇ ನಾವಿಕರು ದಾರಿ ನಿರ್ಧರಿಸುತ್ತಾರೆ.

ಹಾವಿನ ನಡೆ

ದೋಣಿಯ ಮೂತಿಯನ್ನು ನೇರ ಗಾಳಿಗೇ ತಿರುಗಿಸಿದರೆ ಹಾಯಿ ಬಾವುಟದ ಹಾಗೆ ಪಟಪಟ ಬಡಿದುಕೊಳ್ಳುತ್ತದೆ, ದೋಣಿ ನಿಲ್ಲುತ್ತದೆ. ಹೆಚ್ಚಿನ ಹಾಯಿದೋಣಿಗಳು ಗಾಳಿ ಬರುವ ದಿಕ್ಕಿನಿಂದ ಸುಮಾರು 45 ಡಿಗ್ರಿ ಓರೆಯಾಗಿ ಹೋಗಬಲ್ಲವು. ಆದ್ದರಿಂದ ಸ್ವಲ್ಪ ದೂರ ಬಲಕ್ಕೆ ಓರೆಯಾಗಿ, ಆಮೇಲೆ ಮೂತಿ ತಿರುಗಿಸಿ ಎಡಕ್ಕೆ ಓರೆಯಾಗಿ, ಮತ್ತೆ ಬಲಕ್ಕೆ. ಘಾಟಿಯ ರಸ್ತೆ ನೇರ ಮೇಲೇರದೆ ತಿರುವು ತಿರುವಾಗಿ ಏರುವುದಿಲ್ಲವೇ, ಹಾಗೆ.

ಇದಕ್ಕೆ ತೆರಬೇಕಾದ ಬೆಲೆ ಎಷ್ಟು? ತಲುಪಬೇಕಾದ ಜಾಗ ನೇರ ಎದುರುಗಾಳಿಯಲ್ಲಿ 10 ಕಿ.ಮೀ. ದೂರ ಇದೆ ಎನ್ನಿ. ದೋಣಿ 45 ಡಿಗ್ರಿ ಬಲಕ್ಕೆ, ನಂತರ 45 ಡಿಗ್ರಿ ಎಡಕ್ಕೆ ಹೋದರೆ ಒಂದು ಲಂಬಕೋನ ತ್ರಿಭುಜ ಆಗುತ್ತದೆ. 10 ಕಿ.ಮೀ. ಅದರ ಕರ್ಣ. ಪೈಥಾಗೊರಸ್ ಪ್ರಮೇಯ ಹಾಕಿದರೆ ಒಂದೊಂದು ಬಾಹು ಸುಮಾರು 7.07 ಕಿ.ಮೀ. ಒಟ್ಟು ದಾರಿ 14.1 ಕಿ.ಮೀ. ಎರಡು ತಿರುವಿನ ಬದಲು ಇಪ್ಪತ್ತು ತಿರುವು ತೆಗೆದುಕೊಂಡರೂ ಒಟ್ಟು ದೂರ ಅಷ್ಟೇ. ಯಾಕೆ ಅಂತ ಚಿತ್ರ ಬಿಡಿಸಿ ನೋಡಿ.

ನೀವೇ ಮಾಡಿ ನೋಡಿ

ಬೇಕಾದದ್ದು: ಒಂದು ಅಡಿ ಉದ್ದದ ಬಾಳೆದಿಂಡು (ಸಿಗದ ಕಡೆ ದಪ್ಪ ಥರ್ಮೋಕೋಲ್), 15 ಸೆಂ.ಮೀ. ಸ್ಟೀಲ್ ಸ್ಕೇಲ್, ಅಂಗೈಯಷ್ಟು ರಟ್ಟು, ಹಿಡಿಸೂಡಿ ಕಡ್ಡಿ ಎರಡು, ಅಡಿಕೆ ಹಾಳೆಯ ಬೀಸಣಿಗೆ, ದೊಡ್ಡ ಬಾನಿ ಅಥವಾ ತೊಟ್ಟಿಯ ನೀರು. ವಿದ್ಯುತ್ ಫ್ಯಾನ್ ಬೇಡ. ನೀರಿನ ಹತ್ತಿರ ಅದು ಅಪಾಯ. ಕೆರೆ, ಹೊಳೆ, ಕಡಲಿಗೆ ಇಳಿಯುವುದೂ ಬೇಡ.

1. ಬಾಳೆದಿಂಡನ್ನು ಉದ್ದಕ್ಕೆ ಸೀಳಿ. ಒಂದು ಹೋಳನ್ನು ಚಪ್ಪಟೆ ಬದಿ ಮೇಲಕ್ಕೆ ಬರುವಂತೆ ತೇಲಿಬಿಡಿ. ಇದು ದೋಣಿ.

2. ರಟ್ಟಿಗೆ ಕಡ್ಡಿ ಪೋಣಿಸಿ ದೋಣಿಯ ನಡುವಿಗೆ ಚುಚ್ಚಿ. ಇದು ಹಾಯಿ. ಅದು ದೋಣಿಯ ಉದ್ದಕ್ಕೆ 45 ಡಿಗ್ರಿ ಓರೆಯಾಗಿರಲಿ. ಹಾಯಿಯ ಮುಂದಿನ ಅಂಚು ಗಾಳಿ ಬರುವ ಕಡೆಗೆ, ಹಿಂದಿನ ಅಂಚು ಆಚೆ ಕಡೆಗೆ ಇರಬೇಕು.

3. ಬೀಸಣಿಗೆಯಿಂದ ದೋಣಿಯ ಬದಿಗೆ ಗಾಳಿ ಹಾಕಿ. ದೋಣಿ ಎತ್ತ ಹೋಯಿತು? ಬರೆದುಕೊಳ್ಳಿ.

4. ಈಗ ದೋಣಿಯ ಅಡಿಯಿಂದ ನಡುಭಾಗಕ್ಕೆ ಸ್ಕೇಲನ್ನು ನೆಟ್ಟಗೆ ಚುಚ್ಚಿ. ಅದರ ಅಗಲ ಮುಖ ದೋಣಿಯ ಬದಿಗೆ ನೋಡುತ್ತಿರಲಿ. ಮತ್ತೆ ಅದೇ ರೀತಿ ಗಾಳಿ ಹಾಕಿ.

ಸ್ಕೇಲ್ ಇಲ್ಲದಾಗ ದೋಣಿ ಗಾಳಿಯ ಜೊತೆ ಬದಿಗೆ ಜಾರುತ್ತದೆ. ಸ್ಕೇಲ್ ಇದ್ದಾಗ ಮುಂದಕ್ಕೆ ಸರಿಯುತ್ತದೆ. ಮೊದಲ ಸಲವೇ ಸರಿಯಾಗಿ ಬರಲಿಕ್ಕಿಲ್ಲ, ನಮಗೂ ಬರಲಿಲ್ಲ. ದೋಣಿಯ ಮೂತಿ ಗಾಳಿಯ ಕಡೆಗೆ ತಿರುಗಿದರೆ ಹಾಯಿಯನ್ನು ತುಸು ಮುಂದಕ್ಕೆ ಚುಚ್ಚಿ. ಗಾಳಿಯಿಂದ ದೂರ ತಿರುಗಿದರೆ ತುಸು ಹಿಂದಕ್ಕೆ.

ಕೀಲಿನ ಇನ್ನೊಂದು ಕೆಲಸ

ಗಾಳಿ ಹಾಯಿಯನ್ನು ಮೇಲಿನಿಂದ ತಳ್ಳುತ್ತದೆ, ನೀರು ಕೀಲನ್ನು ಕೆಳಗಿನಿಂದ ತಡೆಯುತ್ತದೆ. ಹಾಗಾಗಿ ದೋಣಿ ಒಂದು ಬದಿಗೆ ವಾಲುತ್ತದೆ. ದಿನಗಟ್ಟಲೆ ವಾಲಿಕೊಂಡೇ ಪ್ರಯಾಣ. ಅಡುಗೆ, ಊಟ, ನಿದ್ದೆ ಎಲ್ಲ ಹಾಗೆಯೇ. ಕಡಲ ಹಾಯಿದೋಣಿಗಳಲ್ಲಿ ಒಲೆಯನ್ನು ತೊಟ್ಟಿಲಿನ ಹಾಗೆ ತೂಗುಬಿಟ್ಟಿರುತ್ತಾರೆ. ದೋಣಿ ಎಷ್ಟು ವಾಲಿದರೂ ಪಾತ್ರೆ ಮಟ್ಟಸವಾಗಿ ನಿಲ್ಲಲಿ ಅಂತ.

ಹಾಗಾದರೆ ವಾಲಿದ ದೋಣಿ ಮಗುಚದೆ ಉಳಿಯುವುದು ಹೇಗೆ? ತಂಜಾವೂರು ಗೊಂಬೆ ನೋಡಿದ್ದೀರಲ್ಲ. ಎಷ್ಟು ಸಲ ಬೀಳಿಸಿದರೂ ಎದ್ದು ಕೂರುತ್ತದೆ, ಯಾಕೆಂದರೆ ಭಾರವೆಲ್ಲ ಬುಡದಲ್ಲಿದೆ. ಕೀಲಿಗೂ ತುಂಬಾ ಭಾರ ಕೊಟ್ಟಿರುತ್ತಾರೆ. ಅದರಿಂದ ದೋಣಿಯ ಗುರುತ್ವ ಕೇಂದ್ರ ಕೆಳಗಿರುತ್ತದೆ. ವಾಲಿದಷ್ಟೂ ಅದು ದೋಣಿಯನ್ನು ಮೇಲೆತ್ತಲು ನೋಡುತ್ತದೆ.

ಇದು ಜೀವ ಉಳಿಸುವ ವಿಷಯ. 2018ರ ಸೆಪ್ಟೆಂಬರಿನಲ್ಲಿ ನೌಕಾಪಡೆಯ ಅಭಿಲಾಷ್ ಟಾಮಿ 'ತುರಿಯ' ಎಂಬ ಹಾಯಿದೋಣಿಯಲ್ಲಿ ಒಬ್ಬರೇ ಗೋಲ್ಡನ್ ಗ್ಲೋಬ್ ಸ್ಪರ್ಧೆಗೆ ಹೋಗಿದ್ದರು. ದಕ್ಷಿಣ ಹಿಂದೂ ಮಹಾಸಾಗರದ ಬಿರುಗಾಳಿಯಲ್ಲಿ ಅಲೆಗೆ ಸಿಕ್ಕಿ ದೋಣಿ ಉರುಳಿತು. ಹಾಯಿ ಕಟ್ಟುವ ಕಂಬ ಮುರಿಯಿತು, ಅವರ ಬೆನ್ನಿಗೆ ದೊಡ್ಡ ಪೆಟ್ಟಾಯಿತು. ಎದ್ದು ನಡೆಯಲಾಗದ ಸ್ಥಿತಿ. ಆದರೆ ದೋಣಿ ಮತ್ತೆ ನೆಟ್ಟಗಾಗಿ ತೇಲುತ್ತಲೇ ಇತ್ತು. ಅದರೊಳಗೆ ಅವರು ಮಲಗಿದ್ದಂತೆಯೇ ಮೂರು ದಿನಗಳ ನಂತರ ಫ್ರಾನ್ಸಿನ 'ಒಸಿರಿಸ್' ಹಡಗು ಬಂದು ಕಾಪಾಡಿತು. ಮುಂದಿನ ಸಲದ ಅದೇ ಸ್ಪರ್ಧೆಯಲ್ಲಿ ಅವರು ಮತ್ತೆ ಹೊರಟು, 2023ರಲ್ಲಿ ಎರಡನೆಯವರಾಗಿ ಗುರಿ ಮುಟ್ಟಿದರು.

ಯೋಚಿಸಿ, ಉತ್ತರಿಸಿ

1. ಒಂದು ನಾಟಿಕಲ್ ಮೈಲು 1.852 ಕಿ.ಮೀ. 2017-18ರ ಯಾತ್ರೆಯಲ್ಲಿ ತಾರಿಣಿ 199 ದಿನ ಕಡಲಿನಲ್ಲಿದ್ದು ಸುಮಾರು 21,600 ನಾಟಿಕಲ್ ಮೈಲು ಸಾಗಿತು. ಗಂಟೆಗೆ ಸರಾಸರಿ ಎಷ್ಟು ಕಿ.ಮೀ. ವೇಗ? ನಿಮ್ಮ ಸೈಕಲ್ಲಿಗಿಂತ ಹೆಚ್ಚೋ ಕಡಿಮೆಯೋ?

2. ಅಕ್ಷಾಂಶದ ಒಂದು ಡಿಗ್ರಿಯಲ್ಲಿ 60 ಮಿನಿಟು. ಒಂದು ಮಿನಿಟಿನ ದೂರವೇ ಹೆಚ್ಚುಕಡಿಮೆ ಒಂದು ನಾಟಿಕಲ್ ಮೈಲು. 360ನ್ನು 60ರಿಂದ ಗುಣಿಸಿ. ಮೇಲಿನ ಪ್ರಶ್ನೆಯ ಯಾವ ಸಂಖ್ಯೆ ಬಂತು? ಅದರ ಅರ್ಥವೇನು?

3. ಬೆನ್ನ ಹಿಂದಿನಿಂದಲೇ ಗಾಳಿ ಬೀಸುವಾಗ ದೋಣಿಗೆ ಮುಂದೆ ಹೋಗಲು ಕೀಲ್ ಬೇಕೇ? ಕಾರಣ ಕೊಡಿ.

4. ನಿಮ್ಮ ಊರಿನಲ್ಲಿ ದೋಣಿ, ಹರಿಗೋಲು, ಏತ, ಗಾಣ, ಕಮ್ಮಾರಸಾಲೆ, ಯಾವುದರಲ್ಲಾದರೂ ಕೆಲಸ ಮಾಡಿದ ಹಿರಿಯರು ಇದ್ದಾರೆಯೇ? ಅವರ ಕೆಲಸದಲ್ಲಿ ಬಲ ಎಲ್ಲಿಂದ ಬರುತ್ತದೆ, ಅದನ್ನು ಎಲ್ಲಿ ತಡೆಯುತ್ತಾರೆ ಎಂದು ಕೇಳಿ ಬರೆಯಿರಿ.

ನಾಲ್ಕನೆಯ ಪ್ರಶ್ನೆಗೆ ನಮ್ಮ ತರಗತಿಯ ಮೊದಲ ಉತ್ತರ ಆ ಹುಡುಗಿಯದ್ದೇ. ಅಜ್ಜನನ್ನು ಒಂದು ದಿನ ಶಾಲೆಗೆ ಕರೆದುಕೊಂಡು ಬಂದಳು. ನಮ್ಮ ಬಾಳೆದಿಂಡಿನ ದೋಣಿಯನ್ನು ಅವರು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಏನೂ ಹೇಳದೆ ಹಾಯಿಯನ್ನು ಕಿತ್ತು ಒಂದು ಬೆರಳಿನಷ್ಟು ಹಿಂದಕ್ಕೆ ಚುಚ್ಚಿದರು. ಅಲ್ಲಿಯವರೆಗೆ ಸುತ್ತು ಹೊಡೆಯುತ್ತಿದ್ದ ದೋಣಿ ಬಾನಿಯ ಆಚೆ ಅಂಚಿಗೆ ನೇರವಾಗಿ ಹೋಗಿ ತಾಗಿತು.