ಕಪ್ಪೆಯ ಕೂಗು ಮತ್ತು ಋತುಮಾನ

ಹುಕ್ಕೇರಿ ತಾಲೂಕಿನ ನಮ್ಮ ಊರಿನಲ್ಲಿ ಮಿರಗದ ಬಿತ್ತನೆಗೆ ಪಂಚಾಂಗಕ್ಕಿಂತ ಕಪ್ಪೆಯ ಕೂಗನ್ನೇ ಹೆಚ್ಚಾಗಿ ನಂಬುವ ರೂಢಿಯುಂಟು. "ದೊಡ್ಡ ಕಪ್ಪಿ ಒದರಿದ್ರ ಕೂರಗಿ ಹೂಡಬೇಕು, ತಮ್ಮಾ" ಎಂದು ನಮ್ಮ ತಂದೆಯವರು ಹೇಳುವುದನ್ನು ಬಾಲ್ಯದಿಂದಲೂ ಕೇಳುತ್ತ ಬಂದಿದ್ದೇನೆ. 2023ರಲ್ಲಿ ರೋಹಿಣಿ ಮಳೆಗೇ ಕಪ್ಪೆಗಳು ಒದರಿದವು. ತಂದೆಯವರು ಗೋವಿನಜೋಳ ಬಿತ್ತಿದರು. ಆ ವರುಷ ಮುಂಗಾರು ಕೇರಳವನ್ನು ಮುಟ್ಟಿದ್ದೇ ಜೂನ್ 8ರಂದು. ಮೊಳಕೆ ಒಣಗಿತು, ಬೀಜ ಗೊಬ್ಬರದ ಸಾಲ ಉಳಿಯಿತು. ನನ್ನನ್ನು ಕಾಲೇಜಿಗೆ ಕಳಿಸಬೇಕೋ ಬೇಡವೋ ಎಂಬ ಮಾತು ಮನೆಯಲ್ಲಿ ಎದ್ದದ್ದೂ ಅದೇ ತಿಂಗಳು. ನಮ್ಮ ಮನೆಯಲ್ಲಿ ಅದುವರೆಗೆ ಯಾರೂ ಕಾಲೇಜಿನ ಮೆಟ್ಟಿಲು ಹತ್ತಿರಲಿಲ್ಲ. ಆದುದರಿಂದ ಕಪ್ಪೆ ಸುಳ್ಳು ಹೇಳಿತೇ ಎಂಬ ಪ್ರಶ್ನೆ ನನಗೆ ಬರಿಯ ಕುತೂಹಲದ್ದಾಗಿರಲಿಲ್ಲ.

ಕೂಗುವುದು ಗಂಡು ಕಪ್ಪೆ. ಮಳೆಗಾಲದ ಮೊದಲ ದೊಡ್ಡ ಮಳೆಗೆ ಅದರ ಮೈ ಅರಿಶಿನ ಬಳಿದಂತೆ ಹಳದಿಯಾಗುತ್ತದೆ. ಗಂಟಲಿನ ಎರಡೂ ಬದಿಗೆ ನೀಲಿ ಚೀಲಗಳು ಉಬ್ಬುತ್ತವೆ. ಹೆಣ್ಣನ್ನು ಕರೆಯುವುದೇ ಈ ಕೂಗಿನ ಉದ್ದೇಶ. ತತ್ತಿ ಇಡಲು ನಿಂತ ನೀರು ಬೇಕು. ಆ ನೀರು ಬತ್ತುವುದರೊಳಗೆ ಮರಿಗಳಿಗೆ ಕಾಲು ಮೂಡಬೇಕು. ಹೀಗಾಗಿ ಅವಸರವೋ ಅವಸರ! ಕೆಲವೇ ದಿನ ಕಿವಿ ಕಿವುಡಾಗುವಂತೆ ಒದರಿ ಸುಮ್ಮನಾಗುತ್ತವೆ. ಎಂದಮೇಲೆ ಕಪ್ಪೆ ಸಾರುವುದು ಬಿದ್ದ ಮಳೆಯನ್ನು. ಮುಂದಿನ ಮಳೆಯ ಮಾತನ್ನು ಅದು ಆಡಿಯೇ ಇಲ್ಲ.

ಇನ್ನು ಬೆಳಕಿನ ವಿಚಾರ. ಕಪ್ಪೆಗಳು ಸಾಮಾನ್ಯವಾಗಿ ಕತ್ತಲಾದ ಮೇಲೆ ಕೂಗುವಂಥವು. ಆದರೆ ಮೊದಲ ಮಳೆಯ ಸಂಭ್ರಮದಲ್ಲಿ ಈ ಹಳದಿ ಕಪ್ಪೆಗಳು ಹಾಡುಹಗಲಿನಲ್ಲಿಯೂ ಒದರುವುದನ್ನು ನಮ್ಮ ಹೊಲದ ತಗ್ಗಿನಲ್ಲಿ ಕಂಡಿದ್ದೇನೆ. ಮಳೆಯ ಮುಂದೆ ಅವು ಬೆಳಕನ್ನು ಲೆಕ್ಕಿಸುವುದಿಲ್ಲವೆಂದು ತೋರುತ್ತದೆ. ಗೋಕಾಕದಲ್ಲಿ ಅತಿ ದೀರ್ಘವಾದ ಹಗಲಿಗೂ ಅತಿ ಚಿಕ್ಕ ಹಗಲಿಗೂ ಎರಡು ಗಂಟೆಯಷ್ಟೂ ಅಂತರವಿಲ್ಲ. ಹಾಗೆಂದು ಅದು ಅಲ್ಪವೆಂದು ಹೇಳುವಂತೆಯೂ ಇಲ್ಲ. ಪನಾಮಾ ದೇಶದ ಒಂದು ಕಾಡುಹಕ್ಕಿ ಹಗಲು ಕೇವಲ 17 ನಿಮಿಷ ಹೆಚ್ಚಿದರೂ ಅದನ್ನರಿತು ಹೆಚ್ಚು ಹಾಡತೊಡಗುತ್ತದೆಂದು 1998ರಲ್ಲಿ ಶಾಸ್ತ್ರಜ್ಞರು ತೋರಿಸಿದ್ದಾರೆ.

ಧ್ರುವಪ್ರದೇಶದ ದೀರ್ಘರಾತ್ರಿಯ ಪಾಠ ಕೇಳುವಾಗ, ಅಲ್ಲಿನ ಪ್ರಾಣಿಗಳು ಕಾಲವನ್ನು ಹೇಗೆ ಎಣಿಸಿಯಾವು ಎಂದು ನಾನು ಯೋಚಿಸಿದ್ದುಂಟು. ಅಂಟಾರ್ಕ್ಟಿಕಾದಲ್ಲಿ ವೆಡೆಲ್ ಸೀಲ್ ಎಂಬ ಕಡಲಪ್ರಾಣಿಯು ಹಿಮದ ಹಾಸಿನ ಕೆಳಗೆ, ನೀರಿನೊಳಗೇ ಕೂಗುತ್ತದೆ. ಅಲ್ಲಿ ಚಳಿಗಾಲದ ತಿಂಗಳುಗಟ್ಟಲೆ ಸೂರ್ಯನೇ ಇಲ್ಲ. ಬೆಳಕು ಮರಳಿ, ಅಕ್ಟೋಬರ್ ನವೆಂಬರಿನಲ್ಲಿ ಮರಿಗಳು ಹುಟ್ಟುವ ಹೊತ್ತಿಗೆ, ಗಂಡುಗಳು ಹಿಮದ ಬಿರುಕುಗಳ ಕೆಳಗಿನ ನೀರನ್ನು ತಮ್ಮದೆಂದು ಕಾಯುತ್ತ ಉದ್ದುದ್ದವಾಗಿ ಉಲಿಯುತ್ತವೆ. ಕೂಡುವ ಕಾಲ ಮುಗಿದ ಮೇಲೆ ಆ ಗದ್ದಲ ಇಳಿಯುತ್ತದೆ. ಗಾಳಿಗಿಂತ ನೀರಿನಲ್ಲಿ ಶಬ್ದವು ನಾಲ್ಕು ಪಟ್ಟಿಗಿಂತ ವೇಗವಾಗಿ ಹರಿಯುವುದರಿಂದ, ಮಬ್ಬಿನಲ್ಲಿ ಕಣ್ಣು ಸೋತರೂ ಕಿವಿ ಸೋಲುವುದಿಲ್ಲ. ಅವುಗಳ ಕೆಲವು ಕೂಗು ಮನುಷ್ಯನ ಕಿವಿಗೆ ಕೇಳಿಸದಷ್ಟು ಮೊನಚಾದುದೆಂದು 2020ರಲ್ಲಿ ಪ್ರಕಟವಾಯಿತು. ಅಲ್ಲಿ ಹಿಮ ಮತ್ತು ಬೆಳಕು, ಇಲ್ಲಿ ಮಳೆ.

ಆದರೆ ಇಲ್ಲಿಯೂ ಎಲ್ಲ ಕಡೆ ಮಳೆಯ ಮಾತೇ ನಡೆಯುವುದಿಲ್ಲ. ಮೂಡಲಗಿಯ ಕಡೆ ನಮ್ಮ ಸೋದರಮಾವನವರ ಕಬ್ಬಿನ ಹೊಲಕ್ಕೆ ಘಟಪ್ರಭಾ ಎಡದಂಡೆ ಕಾಲುವೆಯ ನೀರು. ನೀರು ಬಿಟ್ಟ ವಾರ ಬೇಸಿಗೆಯಲ್ಲಿಯೂ ಸಣ್ಣ ಕಪ್ಪೆಗಳು ರಾತ್ರಿಯೆಲ್ಲ ಕಿರುಗುಟ್ಟುತ್ತವೆ. ಆ ಕೂಗನ್ನು ನಂಬಿ ಅಲ್ಲಿ ಯಾರೂ ಬಿತ್ತುವುದಿಲ್ಲ!

ಇದನ್ನೆಲ್ಲ ತಂದೆಯವರಿಗೆ ಹೇಳಿದೆ. ತುಸು ಹೊತ್ತು ಸುಮ್ಮನಿದ್ದು, "ಕಪ್ಪಿ ಖರೇನ ಹೇಳೇತಿ. ನಾನ ಹೆಚ್ಚಿಂದ ಕೇಳಿಸ್ಕೊಂಡೆ" ಎಂದರು. ಮುಂದಿನ ವರುಷ ಕಪ್ಪೆ ಒದರಿದ ಮರುದಿನ ಕೂರಿಗೆ ಹೂಡದೆ ಸಲಿಕೆ ಹಿಡಿದು ಹೊಲಕ್ಕೆ ಹೋದರು. ಒಂದು ಗೇಣು ಅಗೆದು, ಮಣ್ಣನ್ನು ಹಿಡಿಯಲ್ಲಿ ಹಿಚುಕಿ ನೋಡಿ, "ಇನ್ನೊಂದ ಮಳಿ ಆಗ್ಲಿ" ಎನ್ನುತ್ತ ಮನೆಗೆ ಬಂದರು.